ಅರ್ಧ ಹೋದ ನೆಟ್



ನೆಟ್ ಹೋಗುವುದರಲ್ಲಿ ಎರಡು ಬಗೆ ಇದೆ. ಒಂದು, ಪೂರ್ತಿ ಹೋಗುವುದು. ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕೇಬಲ್ ಕಿತ್ತುಹಾಕಿತು, ಗಾಳಿಗೆ ಮರ ಬಿದ್ದು ತಂತಿ ಕಡಿಯಿತು, ಟವರ್‌ನ ಬ್ಯಾಟರಿ ಮುಗಿಯಿತು. ಮೋಡೆಮ್‌ನ ದೀಪ ಕೆಂಪಾಯಿತು, ಎಲ್ಲರಿಗೂ ಗೊತ್ತಾಯಿತು, ಎದ್ದು ಬೇರೆ ಕೆಲಸ ನೋಡಿಕೊಂಡರು. ಇನ್ನೊಂದು, ಅರ್ಧ ಹೋಗುವುದು. ಇಲ್ಲಿ ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ. ಪುಟದ ತಲೆಬರಹ ಬರುತ್ತದೆ, ಒಳಗಿನದು ಬರುವುದಿಲ್ಲ. ಚಿತ್ರದ ಮೇಲಿನರ್ಧ ಕಾಣಿಸಿ ಅಲ್ಲೇ ನಿಲ್ಲುತ್ತದೆ. ಗುಂಡನೆಯ ಗುರುತೊಂದು ಸುತ್ತುತ್ತಲೇ ಇರುತ್ತದೆ; ಬಂತೆಂದೂ ಹೇಳುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ. ಮಲೆನಾಡಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ಬಂದವನು ನಾನು. ಪೂರ್ತಿ ಹೋದ ದಿನ ನನ್ನ ಹತ್ತಿರ ಯಾರೂ ಜಗಳಕ್ಕೆ ಬಂದದ್ದಿಲ್ಲ. ಅರ್ಧ ಹೋದ ದಿನ ಬಾರದವರೇ ಇಲ್ಲ.

ಈ ಅರ್ಧ ಹೋದ ನೆಟ್‌ನಲ್ಲಿ ಒಂದು ಯಂತ್ರ ಕೆಡದೆ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಹೇಗೆ ಎನ್ನುವುದು ಇವತ್ತಿನ ಮಾತು. ಯಂತ್ರದ ಹೆಸರು ಕ್ಯಾಶಿಂಗ್ ಪ್ರಾಕ್ಸಿ ಸರ್ವರ್. ಹೆಸರು ಉದ್ದ, ಕೆಲಸ ಸರಳ. ನಲವತ್ತು ಕಂಪ್ಯೂಟರ್ ಇರುವ ಲ್ಯಾಬಿಗೆ ಹೊರಗಿನಿಂದ ಬರುವುದು ಒಂದೇ ಲೈನ್. ಆ ಲೈನ್ ಬರುವಲ್ಲಿ ಒಂದು ಕಂಪ್ಯೂಟರ್ ಇಟ್ಟು, ಏನು ಬೇಕಿದ್ದರೂ ಇದನ್ನೇ ಕೇಳಿ ಎಂದು ಉಳಿದವಕ್ಕೆಲ್ಲ ಗೊತ್ತುಮಾಡುತ್ತೇವೆ. ಅದು ಎಲ್ಲರ ಪರವಾಗಿ ಹೊರಗಿನಿಂದ ಪುಟ ತರುತ್ತದೆ, ಕೇಳಿದವರಿಗೆ ಕೊಡುತ್ತದೆ, ಒಂದು ಪ್ರತಿಯನ್ನು ತನ್ನ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮತ್ತೊಬ್ಬರು ಅದನ್ನೇ ಕೇಳಿದರೆ ಹೊರಗೆ ಹೋಗುವ ಗೊಡವೆಯಿಲ್ಲ. ಆರಿದ್ರಾ ಮಳೆ ಹಿಡಿಯುವ ಮೊದಲು ನಮ್ಮ ಕಡೆಯ ಮನೆಗಳಲ್ಲಿ ಸೌದೆ, ಅಕ್ಕಿ, ಉಪ್ಪು, ಹಪ್ಪಳ ಎಲ್ಲ ಒಳಗೆ ಸೇರುತ್ತಿತ್ತಲ್ಲ, ಹೊಳೆ ತುಂಬಿ ಪೇಟೆಯ ದಾರಿ ಕಟ್ಟಿದರೂ ಒಲೆ ಉರಿಯಲಿ ಎಂದು, ಸುಮಾರಾಗಿ ಅಂಥದೇ ದಾಸ್ತಾನು. ಒಂದು ವ್ಯತ್ಯಾಸ ಮಾತ್ರ ಇದೆ. ಮನೆಯ ಹಿರಿಯರು ಮುಂದೆ ಏನು ಬೇಕಾದೀತು ಎಂದು ಊಹಿಸಿ ತುಂಬುತ್ತಿದ್ದರು. ಯಂತ್ರಕ್ಕೆ ಊಹೆಯಿಲ್ಲ, ಯಾರಾದರೂ ಒಮ್ಮೆ ಕೇಳಿದ್ದನ್ನಷ್ಟೇ ಅದು ಇಟ್ಟುಕೊಳ್ಳುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ವರ್ಲ್ಡ್ ವೈಡ್ ವೆಬ್ ಹುಟ್ಟಿದ ಸರ್ನ್ ಸಂಶೋಧನಾಲಯದಲ್ಲೇ ವೆಬ್‌ನ ಪ್ರಾಕ್ಸಿಯೂ ರೂಪುಗೊಂಡಿತು. 1994ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ನಡೆದ ಮೊದಲ ವೆಬ್ ಸಮ್ಮೇಳನದಲ್ಲಿ ಆರಿ ಲೂಟೊನೆನ್ ಮತ್ತು ಕೆವಿನ್ ಆಲ್ಟಿಸ್ ಎಂಬುವರ ಪ್ರಬಂಧ ಇದರ ಬಗ್ಗೆಯೇ ಇತ್ತು. ಅಮೆರಿಕದ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆಯಿಂದ ಕವಲೊಡೆದು, ಡುವೇನ್ ವೆಸೆಲ್ಸ್ ಮುಂದಾಳುತನದಲ್ಲಿ 1996ರಲ್ಲಿ ಹೊರಬಂದ ಸ್ಕ್ವಿಡ್ ಎಂಬ ಉಚಿತ ತಂತ್ರಾಂಶ ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು ಇವೆರಡರ ನಡುವೆ, 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಆಗಿನ ಡಯಲ್-ಅಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ನೂರು ಕಿಲೋಬೈಟ್‌ನ ಒಂದು ಪುಟ ಇಳಿಯಲು ಹತ್ತಿರ ಹತ್ತಿರ ಒಂದೂವರೆ ನಿಮಿಷ ಬೇಕು. ಹಾಗಾಗಿ ಎಲ್ಲರೂ ಪ್ರಾಕ್ಸಿಯನ್ನು ಹೊಗಳಿದ್ದು ವೇಗಕ್ಕೆ. ನನ್ನ ಅಭಿಪ್ರಾಯ ಬೇರೆ. ವೇಗದ ಮಾತು ಒಳ್ಳೆಯ ಲೈನ್ ಇದ್ದವರದು. ನಮ್ಮಂಥ ಕಡೆ ಪ್ರಾಕ್ಸಿಯ ಯೋಗ್ಯತೆ ತಿಳಿಯುವುದು, ಕೇಳಿದ್ದನ್ನು ತರಲಾಗದೇ ಹೋದಾಗ ಅದು ಏನು ಮಾಡುತ್ತದೆ ಎನ್ನುವುದರಲ್ಲಿ.

ಹಳತು ಹೊಸತು ಯಂತ್ರಕ್ಕೆ ಹೇಗೆ ತಿಳಿಯುತ್ತದೆ ಎಂದು ಮೊದಲು ನೋಡೋಣ. ಪುಟ ಕಳಿಸುವ ಸರ್ವರ್ ಅದರ ಜೊತೆಗೆ ಕೆಲವು ಸಾಲು ವಿವರವನ್ನೂ ಕಳಿಸುತ್ತದೆ: ಇದನ್ನು ಇಂಥ ದಿನ ತಿದ್ದಿದ್ದು, ಇಷ್ಟು ಹೊತ್ತು ಇಟ್ಟುಕೊಳ್ಳಬಹುದು. ಅವಧಿ ಮುಗಿದ ಮೇಲೂ ಪ್ರಾಕ್ಸಿ ಇಡೀ ಪುಟವನ್ನು ಮತ್ತೆ ತರಬೇಕಾಗಿಲ್ಲ. ಆ ತಾರೀಕಿನಿಂದ ಈಚೆಗೆ ಏನಾದರೂ ಬದಲಾಯಿತೇ ಎಂದಷ್ಟೇ ಕೇಳುತ್ತದೆ. ಬದಲಾಗಿಲ್ಲದಿದ್ದರೆ 304 ಎಂಬ ಸಂಖ್ಯೆ ಹೊತ್ತ ಪುಟ್ಟ ಉತ್ತರ ಬರುತ್ತದೆ, ಪುಟ ಬರುವುದಿಲ್ಲ. ಅವಧಿಯನ್ನು ಬರೆದೇ ಇಲ್ಲದ ಸೈಟ್‌ಗಳೂ ಉಂಟು. ಅಲ್ಲಿ ಸ್ಕ್ವಿಡ್ ಒಂದು ಅಂದಾಜು ಹಾಕುತ್ತದೆ. ತರುವ ಹೊತ್ತಿಗೆ ಪುಟ ತಿದ್ದಿ ಹತ್ತು ದಿನವಾಗಿದ್ದರೆ ಅದರ ನೂರಕ್ಕೆ ಇಪ್ಪತ್ತು ಪಾಲು, ಅಂದರೆ ಎರಡು ದಿನ, ಅದು ಹೊಸದೆಂದೇ ಲೆಕ್ಕ. ನಾವು ಬೇರೆ ಹೇಳದಿದ್ದರೆ ಈ ರಿಯಾಯಿತಿ ಮೂರು ದಿನ ಮೀರುವುದಿಲ್ಲ. ಇಷ್ಟು ದಿನ ಬದಲಾಗದ್ದು ಇನ್ನೆರಡು ದಿನ ಬದಲಾಗಲಾರದು ಎಂಬ ಈ ಲೆಕ್ಕ ಮನುಷ್ಯರ ವಿಷಯದಲ್ಲೂ ಬಹುಪಾಲು ಸರಿಹೋಗುವುದರಿಂದ ನನಗೆ ಹಿಡಿಸುತ್ತದೆ.

ತೊಂದರೆ ಇರುವುದು ಬದಲಾಯಿತೇ ಎಂಬ ಆ ಪುಟ್ಟ ಪ್ರಶ್ನೆಯಲ್ಲಿ. ಲೈನ್ ಚೆನ್ನಾಗಿದ್ದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೇಳಿ ತಿಳಿದು ಮುಗಿಯುತ್ತದೆ. ಅರ್ಧ ಹೋದ ಲೈನಿನಲ್ಲಿ ಪ್ರಶ್ನೆ ಹೋಗುತ್ತದೆ, ಉತ್ತರ ಬರುವುದಿಲ್ಲ. ಪುಟ ಡಿಸ್ಕ್‌ನಲ್ಲೇ ಇದೆ. ಕೇಳಿದ ಹುಡುಗಿ ಎದುರಿಗೇ ಕೂತಿದ್ದಾಳೆ. ಪ್ರಾಕ್ಸಿ ಮಾತ್ರ ಇದ್ದದ್ದನ್ನು ಕೊಡದೆ ಸಾವಿರಾರು ಕಿಲೋಮೀಟರ್ ಆಚೆಯ ಅಪ್ಪಣೆಗಾಗಿ ಕಾಯುತ್ತಿದೆ.

ಇದಕ್ಕೆ ಪರಿಹಾರವಾಗಿ ಮಾರ್ಕ್ ನಾಟಿಂಗ್‌ಹ್ಯಾಮ್ ಎಂಬುವರು 2010ರಲ್ಲಿ ಎರಡು ಸೂಚನೆಗಳನ್ನು ಬರೆದಿಟ್ಟರು. ಹೊಸದನ್ನು ತರಲು ಹೋಗಿ ಆಗದಿದ್ದರೆ ಹಳೆಯದನ್ನು ಇಷ್ಟು ಕಾಲದವರೆಗೆ ಕೊಡಬಹುದು ಎನ್ನುವುದು ಒಂದು. ಹಳೆಯದನ್ನು ಈಗಲೇ ಕೊಟ್ಟುಬಿಡು, ಹೊಸದನ್ನು ಹಿಂದಿನಿಂದ ತಂದಿಟ್ಟುಕೋ ಎನ್ನುವುದು ಇನ್ನೊಂದು. ಲೈನ್ ಕೆಟ್ಟ ಊರುಗಳಿಗಷ್ಟೇ ಇದು ಬೇಕಾದದ್ದು ಎಂದುಕೊಳ್ಳಬೇಡಿ. ನಾರ್ವೆಯ ವಿಜಿ ಪತ್ರಿಕೆಗಾಗಿ ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಬರೆದು 2006ರಲ್ಲಿ ಬಿಡುಗಡೆಯಾದ ವಾರ್ನಿಷ್ ಎಂಬ ತಂತ್ರಾಂಶದಲ್ಲೂ ಇದೇ ಗುಣವಿದೆ: ಹಿಂದಿನ ಸರ್ವರ್ ಮಲಗಿದರೆ ಓದುಗರಿಗೆ ಸ್ವಲ್ಪ ಹಳೆಯ ಮುಖಪುಟವನ್ನೇ ತೋರಿಸುತ್ತಿರುವುದು. ಖಾಲಿ ಪುಟಕ್ಕಿಂತ ಅರ್ಧ ಗಂಟೆ ಹಳೆಯ ಸುದ್ದಿ ಮೇಲು ಎಂದು ದೊಡ್ಡ ಪತ್ರಿಕೆಗಳೂ ಒಪ್ಪಿವೆ. ಆದರೆ ನಾಟಿಂಗ್‌ಹ್ಯಾಮ್ ಹೇಳಿದ ಆ ಸೂಚನೆಗಳನ್ನು ಪುಟದ ಜೊತೆ ಬರೆಯಬೇಕಾದವರು ಸೈಟ್‌ನವರು. ಬರೆಯುವವರು ಕಡಿಮೆ. ಹಾಗಾಗಿ ಲ್ಯಾಬ್ ನೋಡಿಕೊಳ್ಳುವವರು ತಮ್ಮ ಪ್ರಾಕ್ಸಿಯಲ್ಲೇ ನಿಯಮ ಹಾಕಿಕೊಳ್ಳಬೇಕು. ಸ್ಕ್ವಿಡ್ ತಾನಾಗಿಯೇ, ವಿಚಾರಿಸಲು ಆಗದಿದ್ದಾಗ, ಅವಧಿ ಮುಗಿದು ಒಂದು ವಾರದವರೆಗಿನ ಪ್ರತಿಯನ್ನು ಕೊಡಲು ಒಪ್ಪುತ್ತದೆ. ಪಠ್ಯದ ಪುಟಗಳಿಗೆ ಈ ಒಂದು ವಾರವನ್ನು ಧಾರಾಳವಾಗಿ ಹಿಗ್ಗಿಸಬಹುದು.

ಇದಲ್ಲದೆ ಆಫ್‌ಲೈನ್ ಮೋಡ್ ಎಂಬ ಸ್ವಿಚ್ ಕೂಡ ಇದೆ. ಅದನ್ನು ಹಾಕಿದರೆ ಪ್ರಾಕ್ಸಿ ತನ್ನಲ್ಲಿರುವುದನ್ನು ವಿಚಾರಿಸಲು ಹೋಗುವುದೇ ಇಲ್ಲ. ಸದಾ ಹಾಕಿಡುವುದನ್ನು ನಾನು ಒಪ್ಪುವುದಿಲ್ಲ. ಲೈನಿನ ಸ್ಥಿತಿ ನೋಡಿ ಹಾಕುವ, ತೆಗೆಯುವ ಸಣ್ಣ ಪ್ರೋಗ್ರಾಮ್ ಒಂದನ್ನು ಕಾವಲಿಗಿಡುವುದು ಒಳ್ಳೆಯದು. ಸ್ಥಿತಿ ನೋಡುವುದೆಂದರೆ ಮೋಡೆಮ್‌ನ ದೀಪ ನೋಡುವುದಲ್ಲ. ಆ ದೀಪ ಹೇಳುವುದು ಹತ್ತಿರದ ಎಕ್ಸ್‌ಚೇಂಜಿನವರೆಗಿನ ಸುದ್ದಿ ಮಾತ್ರ. ದೂರದ ಎರಡು ಮೂರು ಸೈಟ್‌ಗಳಿಂದ ಒಂದು ಪುಟ್ಟ ಫೈಲನ್ನು ನಿಜವಾಗಿ ತಂದು ನೋಡಬೇಕು. ಒಮ್ಮೆ ಬಾರದಿದ್ದ ಮಾತ್ರಕ್ಕೆ ಲೈನ್ ಹೋಯಿತೆನ್ನಬಾರದು, ಒಮ್ಮೆ ಬಂದ ಮಾತ್ರಕ್ಕೆ ಬಂತೆನ್ನಬಾರದು. ಸತತವಾಗಿ ಮೂರು ಸಲ ಬಾರದಿದ್ದರೆ ಹೋಯಿತು, ಸತತವಾಗಿ ಐದು ಸಲ ಬಂದರೆ ಬಂತು, ಹೀಗೆ ಏನಾದರೊಂದು ಇಟ್ಟುಕೊಳ್ಳದಿದ್ದರೆ ಸ್ವಿಚ್ ದಿನವಿಡೀ ಅತ್ತಿತ್ತ ಆಡುತ್ತದೆ.

1990ರ ದಶಕದ ಕೊನೆಯ ಹೊತ್ತಿಗೆ ಬಳಕೆಯಲ್ಲಿದ್ದ ಇನ್ನೊಂದು ಪ್ರಾಕ್ಸಿಯನ್ನು ಇಲ್ಲಿ ನೆನೆಯಬೇಕು. ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು ಆಫ್‌ಲ್, ಬರೆದವರು ಆಂಡ್ರ್ಯೂ ಬಿಷಪ್. ಡಯಲ್-ಅಪ್ ಬಳಸುವವರಿಗಾಗಿಯೇ ಮಾಡಿದ್ದು. ಫೋನ್ ಲೈನ್ ಇಟ್ಟ ಮೇಲೆ ಯಾವುದಾದರೂ ಪುಟ ಕೇಳಿದರೆ, ಇದ್ದರೆ ಕೊಡುತ್ತಿತ್ತು. ಇಲ್ಲದಿದ್ದರೆ ಬರೆದಿಟ್ಟುಕೊಳ್ಳುತ್ತಿತ್ತು, ಮುಂದಿನ ಸಲ ಫೋನ್ ಹಚ್ಚಿದಾಗ ಬರೆದಿಟ್ಟದ್ದನ್ನೆಲ್ಲ ಸಾಲಾಗಿ ತಂದಿಡುತ್ತಿತ್ತು. ಇಲ್ಲ ಎನ್ನುವ ಬದಲು ಆಮೇಲೆ ಬಾ ಎನ್ನುವ ಈ ಸೌಜನ್ಯ ಈಗಿನ ಬಹುತೇಕ ತಂತ್ರಾಂಶಗಳಿಗಿಲ್ಲ.

ಹಳೆಯದನ್ನು ಕೊಡುವುದು ಸರಿ, ಹಳೆಯದೆಂದು ಹೇಳಿ ಕೊಡಬೇಕು. ನಿಘಂಟಿನ ಪುಟ ಒಂದು ತಿಂಗಳು ಹಳೆಯದಾದರೆ ಯಾರಿಗೂ ನಷ್ಟವಿಲ್ಲ. ಅಡಿಕೆ ಮಂಡಿಯ ಧಾರಣೆ ಒಂದು ದಿನ ಹಳೆಯದಾಗಿದ್ದು, ಅದನ್ನು ಇವತ್ತಿನದೆಂದು ಓದಿ ಮಾಲು ಹೇರಿದವನಿಗೆ ನಷ್ಟವುಂಟು. ಪರೀಕ್ಷೆಯ ವೇಳಾಪಟ್ಟಿಯೂ ಹಾಗೆಯೇ. ವೆಬ್‌ನ ನಿಯಮ ಬರೆದವರಿಗೆ ಇದು ಹೊಳೆದಿತ್ತು. 1999ರ ನಿಯಮಾವಳಿಯಲ್ಲಿ ಪುಟದ ಜೊತೆ ಎಚ್ಚರಿಕೆ ಕಳಿಸಲು ಪ್ರತ್ಯೇಕ ಸಾಲು ಇತ್ತು: 110 ಎಂದರೆ ಈ ಪ್ರತಿ ಹಳತು, 111 ಎಂದರೆ ವಿಚಾರಿಸಲು ಹೋಗಿ ಆಗಲಿಲ್ಲ, 112 ಎಂದರೆ ಸಂಪರ್ಕವೇ ಇಲ್ಲದೆ ಕೊಡುತ್ತಿದ್ದೇನೆ. ಪ್ರಾಮಾಣಿಕವಾದ ಏರ್ಪಾಡು. ಏನು ಪ್ರಯೋಜನ, ಆ ಸಾಲು ಬಳಕೆದಾರರ ಕಣ್ಣಿಗೆ ಬೀಳುವ ಏರ್ಪಾಡು ಮಾತ್ರ ಆಗಲಿಲ್ಲ. ಕಳಿಸುವವರೂ ಕಡಿಮೆ, ತೋರಿಸುವವರೂ ಕಡಿಮೆ ಎಂಬ ಕಾರಣ ಕೊಟ್ಟು 2022ರ ನಿಯಮಾವಳಿ ಅದನ್ನು ಕೈಬಿಟ್ಟಿತು. ಪ್ರತಿಗೆ ಎಷ್ಟು ಸೆಕೆಂಡ್ ವಯಸ್ಸಾಯಿತು ಎಂದು ಹೇಳುವ ಸಾಲೊಂದು ಉಳಿದಿದೆ, ಅದನ್ನೂ ಬ್ರೌಸರ್ ತೋರಿಸುವುದಿಲ್ಲ. ಬ್ರೌಸರ್ ಮಾಡುವವರ ಮೇಲೆ ನನಗಿರುವ ಹಳೆಯ ಮುನಿಸು ಇದು. ನೂರೆಂಟು ಬಣ್ಣದ ಗುಂಡಿಗಳಿಗೆ ಜಾಗವಿದೆ, ನಿನ್ನೆಯ ಪ್ರತಿ ಎಂಬ ಎರಡು ಪದಕ್ಕೆ ಜಾಗವಿಲ್ಲ.

ಈಗ ಕಾಯುವ ಪ್ರಶ್ನೆಗೆ ಬರುತ್ತೇನೆ. ಪ್ರಾಕ್ಸಿ ನಿಂತುಹೋಗುವುದು ಸಾಮಾನ್ಯವಾಗಿ ಇಲ್ಲೇ. ಹೊರಗಿನ ಸರ್ವರ್‌ನೊಂದಿಗೆ ಸಂಪರ್ಕ ಕೂಡಿಸಲು ಸ್ಕ್ವಿಡ್ ಒಂದು ನಿಮಿಷ ಕಾಯುತ್ತದೆ. ಕೂಡಿದ ಮೇಲೆ ಅತ್ತಲಿಂದ ಏನೂ ಬಾರದಿದ್ದರೆ ಹದಿನೈದು ನಿಮಿಷ ಕಾಯುತ್ತದೆ. ತಾನು ಕಳಿಸಿದ್ದಕ್ಕೆ ಮುಟ್ಟಿತೆಂಬ ಸೂಚನೆ ಬಾರದಿದ್ದರೆ ಕೆಳಗಿನ ಲಿನಕ್ಸ್ ಕೂಡ ಮತ್ತೆ ಮತ್ತೆ ಕಳಿಸುತ್ತ ಸುಮಾರು ಹದಿನೈದು ನಿಮಿಷ ಆಸೆ ಬಿಡುವುದಿಲ್ಲ. ಏನನ್ನೂ ಕಳಿಸದೆ ಸುಮ್ಮನೆ ತೆರೆದಿಟ್ಟ ಸಂಪರ್ಕ ಬದುಕಿದೆಯೇ ಎಂದು ಅದು ವಿಚಾರಿಸುವುದಾದರೂ, ತಾನಾಗಿ ಇಟ್ಟುಕೊಂಡ ಲೆಕ್ಕದಂತೆ, ಎರಡು ಗಂಟೆಯ ನಂತರ. ಇವೆಲ್ಲ ತಪ್ಪು ಅಂಕಿಗಳೇನಲ್ಲ. ಲೈನ್ ಸಾಮಾನ್ಯವಾಗಿ ಇರುತ್ತದೆ, ಅಪರೂಪಕ್ಕೆ ಹೋಗುತ್ತದೆ ಎಂದು ನಂಬುವ ಊರಿನವರು ಇಟ್ಟ ಅಂಕಿಗಳು.

ನಮ್ಮಲ್ಲಿ ಆಗುವುದು ಹೀಗೆ. ಲೈನ್ ಅರ್ಧ ಹೋಗಿದೆ. ನಲವತ್ತು ಮಂದಿ ಒಂದೊಂದು ಪುಟ ತೆರೆಯುತ್ತಾರೆ. ಒಂದೊಂದು ಪುಟದ ಹಿಂದೆ ಚಿತ್ರ, ಅಕ್ಷರ, ಜಾಹೀರಾತು ಎಂದು ಹತ್ತಾರು ಕೋರಿಕೆ. ಎಲ್ಲವೂ ಪ್ರಾಕ್ಸಿಯಲ್ಲಿ ಕಾಯುತ್ತ ನಿಲ್ಲುತ್ತವೆ. ಬೇಸತ್ತ ಹುಡುಗರು ರಿಫ್ರೆಶ್ ಒತ್ತುತ್ತಾರೆ, ಮತ್ತೊಂದಿಷ್ಟು ಕೋರಿಕೆ ಬಂದು ಸೇರುತ್ತವೆ. ಒಂದು ಪ್ರೋಗ್ರಾಮ್ ಒಟ್ಟಿಗೆ ಎಷ್ಟು ಸಂಪರ್ಕಗಳನ್ನು ಹಿಡಿದಿರಬಹುದು ಎಂಬುದಕ್ಕೆ ಮಿತಿಯಿದೆ, ಅನೇಕ ಲಿನಕ್ಸ್ ಯಂತ್ರಗಳಲ್ಲಿ ಅದು 1024. ಕಾಯುವವರಿಂದಲೇ ಆ ಮಿತಿ ತುಂಬಿದ ಮೇಲೆ, ಡಿಸ್ಕ್‌ನಲ್ಲಿ ಸಿದ್ಧವಾಗಿರುವ ಪುಟ ಕೇಳಲು ಬಂದವರಿಗೂ ಬಾಗಿಲು ಸಿಗುವುದಿಲ್ಲ. ನೆಟ್ ಹೋಗಿ ಪ್ರಾಕ್ಸಿ ಸತ್ತಿತು ಎಂದು ಜನ ಹೇಳುತ್ತಾರೆ. ಪ್ರಾಕ್ಸಿ ಸತ್ತದ್ದು ನೆಟ್ ಹೋದದ್ದಕ್ಕಲ್ಲ, ಅದು ಬಂದೀತೆಂದು ಕಾದದ್ದಕ್ಕೆ. ಆದ್ದರಿಂದ ಕಾಯುವ ಮಿತಿಯನ್ನು ಕತ್ತರಿಸಿ. ಸಂಪರ್ಕ ಕೂಡಿಸಲು ಹತ್ತು ಸೆಕೆಂಡ್ ಸಾಕು, ಮೌನಕ್ಕೆ ಒಂದೆರಡು ನಿಮಿಷ ಸಾಕು. 1024ನ್ನು ಹಿಗ್ಗಿಸುವುದೂ ಆಗಲಿ, ಆದರೆ ಮೊದಲ ಮದ್ದು ಅದಲ್ಲ. ಬೇಗ ಇಲ್ಲ ಎನ್ನಲು ಯಂತ್ರಕ್ಕೆ ಕಲಿಸಬೇಕು.

ಇಲ್ಲ ಎಂದದ್ದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು? ಇದರಲ್ಲಿ ಒಂದು ತಮಾಷೆ ಇದೆ. ಪ್ರಾಕ್ಸಿ ಪುಟಗಳನ್ನಷ್ಟೇ ಅಲ್ಲ, ಸೋಲನ್ನೂ ದಾಸ್ತಾನು ಮಾಡುತ್ತದೆ. ಸ್ಕ್ವಿಡ್‌ನ ಹಳೆಯ ಆವೃತ್ತಿಗಳು ಸಿಗಲಿಲ್ಲ ಎಂಬ ಉತ್ತರವನ್ನು ಐದು ನಿಮಿಷ ಇಟ್ಟುಕೊಳ್ಳುತ್ತಿದ್ದವು. ಲೈನ್ ಮೂರು ಸೆಕೆಂಡ್ ಕೈಕೊಟ್ಟರೂ ಲ್ಯಾಬಿನವರಿಗೆಲ್ಲ ಐದು ನಿಮಿಷ ಅದೇ ಉತ್ತರ. ಮುಂದಿನ ಆವೃತ್ತಿಗಳಲ್ಲಿ ಅದನ್ನು ಸೊನ್ನೆಗೆ ಇಳಿಸಿದರು. ಸೈಟ್‌ನ ಹೆಸರಿನಿಂದ ವಿಳಾಸ ಹುಡುಕುವಲ್ಲಿ ಆಗುವ ಸೋಲನ್ನು ಮಾತ್ರ ಈಗಲೂ ಒಂದು ನಿಮಿಷ ನೆನಪಿಡುತ್ತದೆ. ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಒಂದನ್ನು ಲ್ಯಾಬಿನೊಳಗೇ ಇಟ್ಟುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ. ಅದಕ್ಕೂ ಅವಧಿ ಮುಗಿದ ವಿಳಾಸವನ್ನು ತುರ್ತಿಗೆ ಕೊಡಬಹುದೆಂದು 2020ರ ನಿಯಮವೊಂದು ಒಪ್ಪಿಗೆ ಕೊಟ್ಟಿದೆ.

ಸೋತ ಮೇಲೆ ಮತ್ತೆ ಪ್ರಯತ್ನಿಸುವುದು ಸಹಜ. ಎಲ್ಲರೂ ಒಟ್ಟಿಗೆ ಪ್ರಯತ್ನಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಇಂಟರ್‌ನೆಟ್ ಚರಿತ್ರೆಯಲ್ಲೇ ಒಂದು ಸಾಕ್ಷಿಯಿದೆ. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಿಲೋ ಇಲ್ಲ, ಬರಿಯ 40 ಬಿಟ್. ಎರಡು ಜಾಗಗಳ ನಡುವೆ ಇದ್ದ ದೂರ 400 ಗಜ. ಕಾಗದ ಹಿಡಿದು ನಡೆದು ಹೋಗಿದ್ದರೂ ಬೇಗ ಮುಟ್ಟುತ್ತಿತ್ತು. ದಾರಿ ತುಂಬಿದಾಗ ಪ್ಯಾಕೆಟ್‌ಗಳು ಕಳೆದುಹೋಗುತ್ತಿದ್ದವು, ಕಳೆದುಹೋದದ್ದಕ್ಕೆ ಯಂತ್ರಗಳು ಆತುರದಿಂದ ಮತ್ತೆ ಕಳಿಸುತ್ತಿದ್ದವು, ಮತ್ತೆ ಕಳಿಸಿದ್ದರಿಂದ ದಾರಿ ಇನ್ನಷ್ಟು ತುಂಬುತ್ತಿತ್ತು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ, ದಾರಿ ತುಂಬಿದೆ ಎಂದು ತಿಳಿದಾಗ ತಾನೇ ಹಿಂದೆ ಸರಿಯುವುದು, ಇವತ್ತಿನ ಪ್ರತಿ ಫೋನಿನಲ್ಲೂ ಕೆಲಸ ಮಾಡುತ್ತಿದೆ. ನಮ್ಮ ಪುಟ್ಟ ಲ್ಯಾಬಿನಲ್ಲೂ ಲೈನ್ ವಾಪಸ್ ಬಂದ ಮೊದಲ ನಿಮಿಷದಲ್ಲಿ ಇದೇ ಕಥೆ: ನಲವತ್ತು ಯಂತ್ರಗಳು ಒಮ್ಮೆಲೇ ಎದ್ದು, ಬಂದ ಲೈನನ್ನು ಮತ್ತೆ ಮಲಗಿಸುತ್ತವೆ. ಒಂದೇ ಪುಟವನ್ನು ಒಟ್ಟಿಗೆ ಕೇಳಿದವರಿಗೆಲ್ಲ ಒಂದೇ ಸಲ ಹೊರಗೆ ಹೋಗಿ ತಂದು ಹಂಚುವ ಏರ್ಪಾಡು ಸ್ಕ್ವಿಡ್‌ನಲ್ಲಿದೆ, ಆದರೆ ನಾವೇ ಹಾಕಬೇಕು. ಅದನ್ನು ಹಾಕಿ, ಮರುಪ್ರಯತ್ನಗಳ ನಡುವಿನ ಬಿಡುವನ್ನು ಒಂದು, ಎರಡು, ನಾಲ್ಕು, ಎಂಟು ಸೆಕೆಂಡ್ ಎಂದು ಬೆಳೆಸುತ್ತ ಹೋಗಬೇಕು.

ಎಲ್ಲವನ್ನೂ ಮತ್ತೆ ಪ್ರಯತ್ನಿಸುವಂತೆಯೂ ಇಲ್ಲ. ಪುಟ ತೋರಿಸು ಎಂಬ ಕೋರಿಕೆಯನ್ನು ಹತ್ತು ಸಲ ಕಳಿಸಿದರೂ ಹಾನಿಯಿಲ್ಲ. ಶುಲ್ಕ ಕಟ್ಟು, ಅರ್ಜಿ ಸಲ್ಲಿಸು ಎಂಬ ಕೋರಿಕೆಯ ಉತ್ತರ ಬಾರದಿದ್ದರೆ ಪ್ರಾಕ್ಸಿ ತಾನಾಗಿ ಮತ್ತೆ ಕಳಿಸಕೂಡದು. ಮೊದಲನೆಯದು ಅಲ್ಲಿಗೆ ಮುಟ್ಟಿ, ದುಡ್ಡು ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಅಂಥ ಹೊತ್ತಿನಲ್ಲಿ ಯಂತ್ರ ಗೊತ್ತಿಲ್ಲ ಎಂದು ಸುಮ್ಮನಾಗುವುದೇ ಸರಿ, ವಿಚಾರಿಸುವುದು ಮನುಷ್ಯನ ಕೆಲಸ.

ಅರ್ಧ ಬಂದ ಸರಕಿನ ಗೋಳು ಬೇರೆ. ಪುಟದ ಉದ್ದ ಇಷ್ಟು ಎಂದು ಮೊದಲೇ ಹೇಳಿದ್ದರೆ, ಕಡಿಮೆ ಬಂದಾಗ ಕಡಿಮೆ ಬಂತೆಂದು ಗೊತ್ತಾಗುತ್ತದೆ. ವೆಬ್‌ನ ಮೊದಲ ದಿನಗಳಲ್ಲಿ ಹೇಳಲೇಬೇಕೆಂಬ ಕಟ್ಟುಪಾಡಿರಲಿಲ್ಲ, ಸಂಪರ್ಕ ಮುಚ್ಚಿದರೆ ಪುಟ ಮುಗಿಯಿತು ಎಂದು ಲೆಕ್ಕ. ಲೈನ್ ಕಡಿದರೂ ಸಂಪರ್ಕ ಮುಚ್ಚುತ್ತದಲ್ಲ. ಹಾಗೆ ಅರ್ಧ ಪುಟ ಪೂರ್ತಿ ಪುಟವೆಂದು ದಾಸ್ತಾನಿಗೆ ಸೇರುತ್ತಿತ್ತು. ಆಮೇಲೆ ಬಂದ ನಿಯಮದಲ್ಲಿ ಪುಟವನ್ನು ತುಂಡು ತುಂಡಾಗಿ, ಕೊನೆಯ ತುಂಡಿಗೆ ಗುರುತು ಹಾಕಿ ಕಳಿಸುವ ಪದ್ಧತಿ ಬಂತು. ದೊಡ್ಡ ಫೈಲ್ ಇಳಿಸುತ್ತಿದ್ದವನು ನಡುವೆ ಎದ್ದುಹೋದರೆ ಏನು ಮಾಡಬೇಕು? ಉಳಿದಿರುವುದು 16 ಕಿಲೋಬೈಟ್‌ಗಿಂತ ಕಡಿಮೆಯಿದ್ದರೆ ಪೂರ್ತಿ ತರುತ್ತೇನೆ, ಹೆಚ್ಚಿದ್ದರೆ ಬಿಟ್ಟುಬಿಡುತ್ತೇನೆ ಎನ್ನುತ್ತದೆ ಸ್ಕ್ವಿಡ್. ಒಳ್ಳೆಯ ಲೈನಿಗೆ ಇದು ಮಿತವ್ಯಯ. ಕೆಟ್ಟ ಲೈನಿನಲ್ಲಿ ಅಷ್ಟು ಕಷ್ಟದಿಂದ ಬಂದದ್ದನ್ನು ಚೆಲ್ಲುವುದು ಅನ್ಯಾಯ. ಪೂರ್ತಿ ತಂದೇ ತೀರು ಎಂದು ಹೇಳಿಡಬೇಕು. ಪ್ಯಾರಿಸ್‌ನ ಜೂಲಿಯುಶ್ ಕ್ರೊಬೊಚೆಕ್ ಬರೆದ ಪೊಲಿಪೊ ಎಂಬ ಚಿಕ್ಕ ಪ್ರಾಕ್ಸಿ ಇದರಲ್ಲಿ ಜಾಣ: ಬಂದಷ್ಟನ್ನು ಇಟ್ಟುಕೊಂಡು, ಮುಂದಿನ ಸಲ ಉಳಿದದ್ದನ್ನು ಮಾತ್ರ ಕೇಳಿ ತರುತ್ತಿತ್ತು.

ಇದಕ್ಕಿಂತ ವಿಚಿತ್ರವಾದ ಇನ್ನೊಂದು. ಕೆಲವು ಇಂಟರ್‌ನೆಟ್ ಕಂಪನಿಗಳು ಹಣ ಕಟ್ಟುವ ದಿನ ದಾಟಿದರೆ, ನೀವು ಯಾವ ಸೈಟ್ ಕೇಳಿದರೂ ರೀಚಾರ್ಜ್ ಮಾಡಿ ಎಂಬ ತಮ್ಮ ಪುಟವನ್ನೇ ಕೊಡುತ್ತವೆ, ಅದೂ ಎಲ್ಲ ಸರಿಯಾಗಿದೆ ಎಂಬ 200ರ ಸಂಖ್ಯೆಯೊಂದಿಗೆ. ಪ್ರಾಕ್ಸಿ ಪಾಪ ನಂಬುತ್ತದೆ. ಹಣ ಕಟ್ಟಿ ಲೈನ್ ಬಂದ ಮೇಲೂ ಲ್ಯಾಬಿನ ಹುಡುಗರಿಗೆ ಗ್ರಂಥಾಲಯದ ಪುಟದ ಜಾಗದಲ್ಲಿ ರೀಚಾರ್ಜ್ ಬೇಡಿಕೆ ಕಾಣುತ್ತಿರುತ್ತದೆ. ಈ ಪೀಡೆಗೆ, ಕಾವಲಿನ ಪ್ರೋಗ್ರಾಮ್ ತರುವ ಫೈಲಿನಲ್ಲಿ ನಾವು ನಿರೀಕ್ಷಿಸಿದ ಅಕ್ಷರಗಳೇ ಇವೆಯೇ ಎಂದು ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಕೆಲವು ಸೈಟ್ ಬರುತ್ತವೆ, ಕೆಲವು ಎಂದೂ ಬರುವುದಿಲ್ಲ, ಚಿಕ್ಕ ಪುಟ ಬರುತ್ತದೆ, ದೊಡ್ಡದು ನಿಲ್ಲುತ್ತದೆ ಎಂಬ ದೂರು ಬಂದರೆ ಲೈನ್‌ಮನ್‌ಗೆ ಫೋನ್ ಮಾಡುವ ಮೊದಲು ಒಂದು ಅಂಕಿ ನೋಡಿ. ಸಾಮಾನ್ಯವಾಗಿ ಪ್ಯಾಕೆಟ್ ಒಂದರ ಗರಿಷ್ಠ ಗಾತ್ರ 1500 ಬೈಟ್. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಹತ್ತುವ ಬ್ರಾಡ್‌ಬ್ಯಾಂಡ್‌ನ ಪದ್ಧತಿ ಅದರಲ್ಲಿ 8 ಬೈಟ್ ತನಗೆಂದು ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಇದು ದೊಡ್ಡದಾಯಿತು, ಚಿಕ್ಕದಾಗಿ ಕಳಿಸಿ ಎಂಬ ಸೂಚನೆಯನ್ನು ದಾರಿಯ ಯಾವುದೋ ಫೈರ್‌ವಾಲ್ ನುಂಗಿಬಿಟ್ಟರೆ ಅತ್ತಲಿನವರು 1500ರದ್ದನ್ನೇ ಕಳಿಸುತ್ತಿರುತ್ತಾರೆ, ಇತ್ತ ಒಂದೂ ಬರುವುದಿಲ್ಲ. ನಮ್ಮ ಕಡೆಯ ರೂಟರಿನಲ್ಲಿ ಗಾತ್ರವನ್ನು ಮೊದಲೇ ಕಡಿಮೆಯೆಂದು ಹೇಳಿಬಿಟ್ಟರೆ ಗುಣವಾಗುತ್ತದೆ. ಎಂಟೇ ಬೈಟ್‌ನ ಕಾಯಿಲೆ.

ಕರೆಂಟ್ ವಿಷಯ ನಿಮಗೇ ಗೊತ್ತು. ಸ್ಕ್ವಿಡ್‌ಗೆ ಮುಚ್ಚು ಎಂದರೆ ಕೈಯಲ್ಲಿದ್ದ ಕೆಲಸ ಮುಗಿಸಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಯುಪಿಎಸ್ ಅಷ್ಟು ಹೊತ್ತು ನಿಂತು, ಬ್ಯಾಟರಿ ಇಳಿಯುವ ಮೊದಲೇ ಸರ್ವರ್‌ಗೆ ಸೂಚನೆ ಕೊಡಬೇಕು. ಇಲ್ಲದಿದ್ದರೆ ಕರೆಂಟ್ ಬಂದ ಮೇಲೆ ಅದು ತನ್ನ ದಾಸ್ತಾನಿನ ಪಟ್ಟಿಯನ್ನು ನಂಬದೆ ಮತ್ತೆ ಪರಿಶೀಲಿಸುತ್ತ ಬಹಳ ಹೊತ್ತು ಏದುಸಿರು ಬಿಡುತ್ತದೆ. ಯಾರೂ ಯೋಚಿಸದ ಸಂಗತಿ ಗಡಿಯಾರ. ಹಳತು ಹೊಸತಿನ ತೀರ್ಮಾನವೆಲ್ಲ ತಾರೀಕಿನ ಮೇಲೆ ನಿಂತಿದೆ. ಹಳೆಯ ಕಂಪ್ಯೂಟರಿನ ಗುಂಡಿಯಂಥ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಅದು ಯಾವುದೋ ವರ್ಷದಲ್ಲಿ ಕಣ್ಣು ಬಿಡುತ್ತದೆ. ಶಾಲೆಗಳಲ್ಲಿ ಅಗ್ಗವೆಂದು ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಐದನೆಯ ಮಾದರಿ ಬರುವವರೆಗೆ ಗಡಿಯಾರವೇ ಇರಲಿಲ್ಲ. ಸಮಯವನ್ನು ನೆಟ್‌ನಿಂದ ಕೇಳಿಕೊಳ್ಳಬೇಕು, ಆದರೆ ನೆಟ್ ಇಲ್ಲ. ಆಗ ಇವತ್ತಿನ ಪುಟ ನಾಳೆಯದೆಂದೂ, ಸರಿಯಾದ ಸುರಕ್ಷತಾ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದೂ ಯಂತ್ರ ವಾದಿಸುತ್ತದೆ. ಅಗ್ಗದ ಗಡಿಯಾರದ ಬಿಲ್ಲೆಯೊಂದನ್ನು ಸಿಕ್ಕಿಸಿದರೆ ಈ ವಾದ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿಯನ್ನೂ ಹೇಳಬೇಕು. ಈ ವಿದ್ಯೆಯ ಬಹುಭಾಗ ಇವತ್ತು ಕೆಲಸಕ್ಕೆ ಬರುವುದಿಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡನ್ ಎಂಬುವರು ಬಹಿರಂಗಗೊಳಿಸಿದ ಸರ್ಕಾರಿ ಗೂಢಚಾರಿಕೆಯ ಸುದ್ದಿಯ ನಂತರ ವೆಬ್ ತನ್ನ ಪುಟಗಳಿಗೆಲ್ಲ ಗೂಢಲಿಪಿಯ ಬೀಗ ಹಾಕಿಕೊಳ್ಳತೊಡಗಿತು. ವಿಕಿಪೀಡಿಯ 2015ರ ಜೂನ್‌ನಲ್ಲಿ ಪೂರ್ತಿ ಬೀಗದೊಳಕ್ಕೆ ಹೋಯಿತು. ಬೀಗ ಹಾಕಿದ ಪುಟದ ಒಳಗೆ ಏನಿದೆ ಎಂದು ನಡುವಿನ ಪ್ರಾಕ್ಸಿಗೆ ಕಾಣುವುದಿಲ್ಲ. ಕಾಣದ್ದನ್ನು ದಾಸ್ತಾನು ಮಾಡುವಂತಿಲ್ಲ, ದಾಟಿಸಬಹುದು ಅಷ್ಟೆ. ಪೊಲಿಪೊ ಬರೆದವರು ಇದೇ ಕಾರಣಕ್ಕೆ 2016ರಲ್ಲಿ ಅದರ ಕೆಲಸ ನಿಲ್ಲಿಸಿದರು. 2018ರಲ್ಲಿ ಎರಿಕ್ ಮೆಯರ್ ಎಂಬ ವೆಬ್ ತಜ್ಞರು ಉಗಾಂಡದ ಹಳ್ಳಿಗಾಡಿನ ಶಾಲೆಯೊಂದರಲ್ಲಿ ಕಂಡದ್ದನ್ನು ಬರೆದರು. ಅಲ್ಲಿಯ ಲೈನ್ ಉಪಗ್ರಹದ ಮೂಲಕ. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿಗೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು, ಬೀಗ ತೆರೆಯುವ ಮಾತುಕತೆಗೆ ಅಂಥ ಹಲವು ಸುತ್ತು. ಹಿಂದೆ ಸ್ಥಳೀಯ ಕ್ಯಾಶ್ ಈ ಕಷ್ಟ ಕಳೆಯುತ್ತಿತ್ತು, ಬೀಗ ಬಂದ ಮೇಲೆ ಕಳೆಯಲಾಗಲಿಲ್ಲ. ಬೀಗ ತಪ್ಪೆಂದು ನಾನು ಹೇಳುವುದಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಲ್ಯಾಬಿನವನ ಕಣ್ಣಿಗೆ ಬೀಳಬಾರದು. ಆದರೆ ಅದರ ವೆಚ್ಚವನ್ನು ತೆತ್ತವರು ಲೈನ್ ಕೆಟ್ಟ ಊರಿನವರು ಎನ್ನುವುದನ್ನು ಮರೆಯಲೂಬಾರದು. ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ನಮ್ಮದೇ ಪ್ರಮಾಣಪತ್ರ ಕೂರಿಸಿ ಬೀಗ ಒಡೆದು ನೋಡುವ ಉಪಾಯವೂ ಇದೆ. ಕಜಾಕಿಸ್ತಾನದ ಸರ್ಕಾರ ಇಡೀ ದೇಶಕ್ಕೆ ಅದನ್ನೇ ಮಾಡಹೊರಟಾಗ 2019ರಲ್ಲಿ ಮೊಜಿಲ್ಲಾ, ಗೂಗಲ್, ಆಪಲ್ ಮೂವರೂ ಆ ಪ್ರಮಾಣಪತ್ರವನ್ನು ತಮ್ಮ ಬ್ರೌಸರ್‌ಗಳಲ್ಲಿ ತಡೆದರು. ಹುಡುಗರ ಸ್ವಂತ ಫೋನಿಗೆ ಕೈಹಾಕುವುದಂತೂ ಬೇಡವೇ ಬೇಡ.

ಹಾಗಾದರೆ ಉಳಿದದ್ದೇನು? ಬೀಗವಿಲ್ಲದೆಯೂ ಸುರಕ್ಷಿತವಾಗಿರುವ ವಸ್ತುಗಳು ಉಳಿದಿವೆ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳನ್ನು ಬಳಸುವ ಲ್ಯಾಬ್‌ಗಳಲ್ಲಿ ಪ್ರತಿ ತಂತ್ರಾಂಶದ ಕಟ್ಟಿಗೂ ಸಹಿಯ ಕಾವಲಿದೆ. ದಾರಿಯಲ್ಲಿ ಯಾರಾದರೂ ಬದಲಿಸಿದರೆ ಸಹಿ ತಾಳೆಯಾಗುವುದಿಲ್ಲ. ಹಾಗಾಗಿ ಅವನ್ನು ಸಾದಾ ದಾರಿಯಲ್ಲೇ ತಂದು ದಾಸ್ತಾನು ಮಾಡಬಹುದು. ಎಡ್ವರ್ಡ್ ಬ್ಲಾಖ್ ಬರೆದ ಆಪ್ಟ್-ಕ್ಯಾಶರ್-ಎನ್‌ಜಿ ಇದಕ್ಕೆಂದೇ ಇರುವ ಪ್ರಾಕ್ಸಿ. ಒಂದು ಯಂತ್ರಕ್ಕೆ ತಂದ ಅಪ್‌ಡೇಟ್ ನಲವತ್ತಕ್ಕೂ ಸಾಕು, ಮೂವತ್ತೊಂಬತ್ತು ಸಲ ಲೈನ್ ನಂಬುವುದು ತಪ್ಪಿತು.

ಓದುವ ಸಾಮಗ್ರಿಗೆ ಕಿವಿಕ್ಸ್ ಎಂಬ ತಂತ್ರಾಂಶ ಇದೆ, 2007ರಿಂದ ಬೆಳೆದು ಬಂದದ್ದು. ಇಡೀ ವಿಕಿಪೀಡಿಯವನ್ನು ಜಿಮ್ ಎಂಬ ಒಂದೇ ಫೈಲಿನಲ್ಲಿ ಕಟ್ಟಿ ಕೊಡುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಸಿಗುತ್ತದೆ. ಯಾರೋ ಕೇಳಿದ ಮೇಲೆ ತಂದಿಟ್ಟುಕೊಳ್ಳುವ ಪ್ರಾಕ್ಸಿಗಿಂತ ಇದು ಒಂದು ಹೆಜ್ಜೆ ಮುಂದೆ, ಕೇಳುವ ಮೊದಲೇ ಬಂದು ಕೂತಿರುತ್ತದೆ. ಲೈನ್ ಚೆನ್ನಾಗಿರುವ ಪೇಟೆಯಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದರೂ ಆಯಿತು, ರಾತ್ರಿ ಎಲ್ಲರೂ ಮಲಗಿದ ಮೇಲೆ ತುಂಡು ತುಂಡಾಗಿ ಇಳಿಯಲು ಬಿಟ್ಟರೂ ಆಯಿತು. ಫೈಲಿನ ಹೆಸರಿನ ಕೊನೆಯಲ್ಲಿ ಅದನ್ನು ಕಟ್ಟಿದ ವರ್ಷ, ತಿಂಗಳು ಇರುತ್ತದೆ. ಬ್ರೌಸರ್ ತೋರಿಸದ ಆ ತಾರೀಕನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಪ್ರತಿ ಮಾನಿಟರ್‌ಗೆ ಅಂಟಿಸಿ. ಹೊಸ ಫೈಲ್ ತಂದ ದಿನ ಹಳೆಯ ಚೀಟಿ ಕೀಳುವುದನ್ನು ಮಾತ್ರ ಮರೆಯಬೇಡಿ.